ಅಂಗೈಗೆ ಬಂದ ದೇವರು

ನಮ್ಮ ಕಡೆ ಈಗ ಗುಡಿ ಕಟ್ಟುವ ಕಾಲ. ಹಳೇ ಮಣ್ಣಿನ ಗುಡಿ ಕೆಡವಿ ಆರ್‌ಸಿಸಿ ಹಾಕುತ್ತಿದ್ದೇವೆ. ಮನೆಮನೆಗೆ ಪಟ್ಟಿ ಎತ್ತುತ್ತಿದ್ದೇವೆ. ಪಟ್ಟಿ ಎಲ್ಲ ಓಣಿಗೂ ಹೋಗುತ್ತದೆ. ಆದರೆ ಕಟ್ಟಿದ ಮೇಲೆ ಎಲ್ಲ ಓಣಿಯವರೂ ಒಳಗೆ ಹೋಗುತ್ತಾರಾ? ಇದನ್ನು ಕೇಳಿದರೆ ಕಟ್ಟೆ ಮೇಲೆ ಕೂತವರು ಮಾತು ಬದಲಿಸುತ್ತಾರೆ. ನಾವೂ ಎಷ್ಟೋ ಸಲ ಸುಮ್ಮನಾಗಿದ್ದೇವೆ.

ಇದೇ ಪ್ರಶ್ನೆಗೆ ಸುಮಾರು 850 ವರ್ಷಗಳ ಹಿಂದೆ ನಮ್ಮದೇ ನಾಡಿನ ಜನ ಒಂದು ಉತ್ತರ ಕಂಡುಕೊಂಡಿದ್ದರು.

12ನೇ ಶತಮಾನ ದೊಡ್ಡ ದೊಡ್ಡ ಗುಡಿಗಳ ಕಾಲ. ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯ 1112ರದ್ದು. ಬೇಲೂರಿನ ಚೆನ್ನಕೇಶವ ದೇವಾಲಯ 1117ರದ್ದು. ಆಗಿನ ದೇವಾಲಯ ಅಂದರೆ ಪೂಜೆಯ ಜಾಗ ಮಾತ್ರ ಅಂದುಕೊಳ್ಳಬೇಡಿ. ಅದಕ್ಕೆ ದತ್ತಿ ಭೂಮಿ ಇತ್ತು, ತೆರಿಗೆಯ ಪಾಲು ಇತ್ತು. ಊರಿನಲ್ಲಿ ಯಾರು ದೊಡ್ಡವರು, ಯಾರು ಎಲ್ಲಿ ನಿಲ್ಲಬೇಕು ಅನ್ನುವುದೂ ಅಲ್ಲೇ ಗೊತ್ತಾಗುತ್ತಿತ್ತು. ಅರಸರು, ದಂಡನಾಯಕರು, ಸಿರಿವಂತರು ಗುಡಿ ಕಟ್ಟಿಸಿ ಶಾಸನ ಹಾಕಿಸಿದರು. ಚಪ್ಪಲಿ ಹೊಲಿಯುವವರಿಗೆ, ಬಟ್ಟೆ ಒಗೆಯುವವರಿಗೆ, ದೋಣಿ ನಡೆಸುವವರಿಗೆ ಅದು ಆಗುವ ಕೆಲಸವೇ?

ಕಳಚುರಿ ಬಿಜ್ಜಳನ ಆಳ್ವಿಕೆಯಲ್ಲಿ, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ಬಸವಣ್ಣನವರ ಸುತ್ತ ಸೇರಿದ ಶರಣರಲ್ಲಿ ಇಂಥ ದುಡಿಯುವವರೇ ಬಹಳ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಡೋಹರ ಕಕ್ಕಯ್ಯ, ನುಲಿಯ ಚಂದಯ್ಯ. ಹೆಸರಲ್ಲೇ ಅವರ ಕಾಯಕವಿದೆ. ದೇಹವೇ ದೇಗುಲ ಎಂಬುದು ಇವರ ನಂಬಿಕೆ. ಅದರ ಗುರುತಾಗಿ ಇಷ್ಟಲಿಂಗ ಎದೆಯ ಮೇಲೆ ಬಂತು. ಪೂಜೆಯ ಹೊತ್ತಿಗೆ ಅದನ್ನು ಎಡಗೈಯ ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತಾ ಕೂತರೆ ಆಯಿತು.

ಇಷ್ಟು ಸಣ್ಣ ವಸ್ತು ಮಾಡಿದ ಕೆಲಸ ಸಣ್ಣದಲ್ಲ. ಅಂಗೈಗೆ ಬಾಗಿಲಿಲ್ಲ, ಹಾಗಾಗಿ ಹೊರಗೆ ನಿಲ್ಲಿಸುವವರಿಲ್ಲ. ನಡುವೆ ಪೂಜಾರಿ ಬೇಕಿಲ್ಲ. ಹೆಂಗಸರಿಗೆ ಮುಟ್ಟು, ಹೆರಿಗೆಯ ಸೂತಕ ಅಡ್ಡ ಬರುವುದಿಲ್ಲ. ಹೊಲದಲ್ಲಿದ್ದರೂ ದೇವರು ಜೊತೆಯಲ್ಲೇ.

ಆದರೆ ಕೈಯಲ್ಲಿರುವ ಲಿಂಗವೂ ಕೊನೆಯಲ್ಲ. ನುಲಿಯ ಚಂದಯ್ಯನವರ ಕಥೆಯನ್ನು ನಮ್ಮ ಹಿರಿಯರು ಹೇಳುತ್ತಾರೆ. ಹಗ್ಗ ಹೊಸೆಯಲು ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಇಷ್ಟಲಿಂಗ ನೀರಿಗೆ ಜಾರಿತಂತೆ. ಚಂದಯ್ಯ ಹುಡುಕಲಿಲ್ಲ, ಹುಲ್ಲು ಹೊತ್ತು ಕೆಲಸಕ್ಕೆ ನಡೆದರು. ಕೊನೆಗೆ ಲಿಂಗವೇ ಅವರ ಬೆನ್ನು ಹತ್ತಿತಂತೆ. ಒಳಗೆ ಇರುವವನು ಕಳೆದು ಹೋಗುವುದಿಲ್ಲ, ದುಡಿಮೆ ಬಿಟ್ಟು ಅವನನ್ನು ಅರಸಬೇಕಿಲ್ಲ ಅನ್ನುವುದು ಆ ಕಥೆಯಿಂದ ನಮಗೆ ತಿಳಿಯುವ ಮಾತು.

ನನ್ನ ಎದೆಯೊಳಗೆ ದೇವರಿದ್ದಾನೆ ಅಂದರೆ ಯಾರೂ ಸಿಟ್ಟಾಗುವುದಿಲ್ಲ. ನಿನ್ನ ಎದೆಯಲ್ಲಿರುವವನೂ, ಅವನ ಎದೆಯಲ್ಲಿರುವವನೂ ಒಬ್ಬನೇ ಎಂದು ಬೀಗತನಕ್ಕೆ ಇಳಿದಾಗ ಕಷ್ಟ ಶುರು. ಕಲ್ಯಾಣದಲ್ಲಿ ಆಗಿದ್ದೂ ಇದೇ. ಚಪ್ಪಲಿ ಹೊಲಿಯುವ ಹರಳಯ್ಯನವರ ಮಗನಿಗೆ ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳನ್ನು ಕೊಟ್ಟು ಮದುವೆಯಾಯಿತು. ಇಬ್ಬರು ತಂದೆಯರಿಗೂ ಎಳೆಹೂಟೆ ಶಿಕ್ಷೆಯಾಯಿತು ಎಂದು ಶರಣ ಪರಂಪರೆ ಹೇಳುತ್ತದೆ. ಕಲ್ಯಾಣದಲ್ಲಿ ರಕ್ತ ಹರಿಯಿತು, ಶರಣರು ಚದುರಿದರು. ಬಿಜ್ಜಳನ ಆಳ್ವಿಕೆ ಮುಗಿದದ್ದು 1167ರ ಸುಮಾರಿಗೆ.

ವಚನಗಳು ಉಳಿದದ್ದು ತಾಳೆಗರಿಗಳಲ್ಲಿ. ಮಠ ಮನೆಗಳಲ್ಲಿ ಮೂಲೆ ಸೇರಿದ್ದ ಆ ಕಟ್ಟುಗಳನ್ನು ಹುಡುಕಿ ಜನರ ಕೈಗೆ ಕೊಟ್ಟವರಲ್ಲಿ ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಮೊದಲಿಗರು. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾದದ್ದು 1923ರಲ್ಲಿ.

ಈಗ ಕೃಷ್ಣೆ, ಮಲಪ್ರಭೆ ಕೂಡುವ ಕೂಡಲಸಂಗಮಕ್ಕೆ ಜನ ಬಸ್ಸು ಮಾಡಿಕೊಂಡು ಹೋಗುತ್ತಾರೆ. ಮೆಟ್ಟಿಲಿಳಿದು ಐಕ್ಯಸ್ಥಳ ನೋಡುತ್ತಾರೆ. ಒಳಗೆ ದೇವರನ್ನು ಹುಡುಕು ಎಂದವರ ಜಾಗಕ್ಕೇ ಯಾತ್ರೆಯೇ ಎಂದು ನಗುವವರೂ ಇದ್ದಾರೆ. ನಮಗೆ ಹಾಗೆ ಅನ್ನಿಸುವುದಿಲ್ಲ. ಬಸವಣ್ಣನವರು ಓದಿ ಬೆಳೆದದ್ದು ಅಲ್ಲೇ. ಕಲ್ಯಾಣಕ್ಕೆ ಹೋದ ಮೇಲೂ ತಮ್ಮ ವಚನಗಳ ಅಂಕಿತವಾಗಿ ಸಂಗಮದ ದೇವರ ಹೆಸರನ್ನೇ ಇಟ್ಟುಕೊಂಡರು. ಊರು ಬಿಟ್ಟರೂ ಸಂಗಮ ಅವರ ಜೊತೆಗೇ ಹೋಯಿತು.

ಹೋಗಿ ಬನ್ನಿ, ತಪ್ಪೇನಿಲ್ಲ. ಊರ ಗುಡಿಗೆ ಪಟ್ಟಿಯನ್ನೂ ಕೊಡಿ. ಕೊಡುವಾಗ ಒಂದು ಮಾತು ಕೇಳಿ: ಕೆಳಗಿನ ಓಣಿಯವರು ಕೊಟ್ಟ ದುಡ್ಡು ಗರ್ಭಗುಡಿಯ ಗೋಡೆಗೆ ಆಗುತ್ತದೆ ಅಂದರೆ, ಕೊಟ್ಟವರು ಹೊಸ್ತಿಲಾಚೆ ಯಾಕೆ ನಿಲ್ಲಬೇಕು? ಈ ಸಲ ಕಟ್ಟೆ ಮೇಲೆ ನಾವೂ ಸುಮ್ಮನಿರುವುದಿಲ್ಲ.