ಔಷಧದಾನ ಮತ್ತು ಔಷಧದ ಬೆಲೆ: ಜೈನ ವೈದ್ಯಗ್ರಂಥಗಳ ಹಿನ್ನೆಲೆಯಲ್ಲಿ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂದು ದಾನವು ಚತುರ್ವಿಧವಾಗಿ ನಿರೂಪಿತವಾಗಿರುವುದು ಸರ್ವವಿದಿತವಾದ ವಿಷಯ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯವನ್ನು ವಿವರಿಸುತ್ತ ಆಹಾರ, ಔಷಧ, ಉಪಕರಣ, ಆವಾಸ ಎಂಬ ವಿಭಾಗವನ್ನು ಮಾಡಿ, ಔಷಧದಾನಕ್ಕೆ ವೃಷಭಸೇನೆಯನ್ನೂ, ಉಪಕರಣದಾನಕ್ಕೆ, ಎಂದರೆ ವ್ಯಾಖ್ಯಾನಕಾರರ ಅಭಿಪ್ರಾಯದಂತೆ ಶಾಸ್ತ್ರದಾನಕ್ಕೆ, ಕೌಂಡೇಶನನ್ನೂ ದೃಷ್ಟಾಂತವಾಗಿ ಹೇಳಿದ್ದಾರೆ. ಔಷಧವೂ ಗ್ರಂಥವೂ ಒಂದೇ ಪಂಕ್ತಿಯಲ್ಲಿ ದಾನವಸ್ತುಗಳಾಗಿ ನಿಂತಿರುವುದು ಗಮನಾರ್ಹ. ಔಷಧದ ಬೆಲೆಯನ್ನು ಯಾರು ತೆರಬೇಕು, ಔಷಧಜ್ಞಾನವು ಯಾರ ಸ್ವತ್ತು ಎಂಬ ಎರಡು ಪ್ರಶ್ನೆಗಳು ಇದರಲ್ಲಿ ಅಡಗಿವೆ. ಈ ಪ್ರಶ್ನೆಗಳು ಇಂದಿಗೂ ಇತ್ಯರ್ಥವಾಗಿಲ್ಲವಾದ್ದರಿಂದ, ಜೈನ ವೈದ್ಯಗ್ರಂಥಗಳ ಹಿನ್ನೆಲೆಯಲ್ಲಿ ಅವನ್ನು ಪರಿಶೀಲಿಸುವುದು ಉಚಿತವಾಗಿದೆ.

ಪ್ರಾಚೀನ ವೈದ್ಯಶಾಸ್ತ್ರವು ಹಣದ ವಿಚಾರವನ್ನು ಮರೆತಿರಲಿಲ್ಲ. ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳು. ವಾಗ್ಭಟನು ಅಷ್ಟಾಂಗಹೃದಯದಲ್ಲಿ ರೋಗಿಗಿರಬೇಕಾದ ಗುಣಗಳನ್ನು ಎಣಿಸುವಾಗ ಮೊದಲಿಗೇ ಆಢ್ಯತ್ವವನ್ನು, ಎಂದರೆ ಧನಸಂಪನ್ನತೆಯನ್ನು ಹೇಳುತ್ತಾನೆ. ದ್ರವ್ಯವಿಲ್ಲದವನಿಗೆ ಚಿಕಿತ್ಸೆ ದುಸ್ಸಾಧ್ಯವೆಂಬ ಲೋಕಾನುಭವವೇ ಈ ಮಾತಿನ ಮೂಲ. ಚರಕಸಂಹಿತೆಯಾದರೋ ಎರಡು ಕಡೆ ಇದಕ್ಕೆ ಪ್ರತಿಯಾದ ಮಾತನ್ನಾಡುತ್ತದೆ. ದರಿದ್ರನು ದುರ್ಲಭ ಸಾಮಗ್ರಿಗಳಿಗಾಗಿ ಕಾಯದೆ, ತನಗೆ ಲಭ್ಯವಾದ ಔಷಧದಿಂದಲೇ ಚಿಕಿತ್ಸೆ ಪಡೆಯಬೇಕೆಂಬುದು ಒಂದು. ಚಿಕಿತ್ಸೆಯನ್ನು ಪಣ್ಯವಾಗಿ ಮಾರುವವನು ಚಿನ್ನದ ರಾಶಿಯನ್ನು ಬಿಟ್ಟು ಧೂಳಿನ ರಾಶಿಯನ್ನು ಆರಿಸಿಕೊಂಡವನೆಂಬುದು ಇನ್ನೊಂದು.

ಈ ಎರಡನೆಯ ಭಾವವು ಜೈನ ವೈದ್ಯಗ್ರಂಥಗಳಲ್ಲಿ ಇನ್ನೂ ದೃಢವಾಗಿ ವ್ಯಕ್ತವಾಗಿದೆ. ಶ್ರೀನಂದಿ ಆಚಾರ್ಯರ ಶಿಷ್ಯರಾದ ಉಗ್ರಾದಿತ್ಯಾಚಾರ್ಯರು ರಾಮಗಿರಿಯಲ್ಲಿ ರಚಿಸಿದ ಸಂಸ್ಕೃತ ಕಲ್ಯಾಣಕಾರಕವು ಇದಕ್ಕೆ ಮುಖ್ಯ ಆಧಾರ. ಗ್ರಂಥದ ಕೊನೆಯ ಹಿತಾಹಿತಾಧ್ಯಾಯವು ನೃಪತುಂಗ ವಲ್ಲಭೇಂದ್ರನ ಸಭೆಯಲ್ಲಿ ಮಾಂಸಾಹಾರ ನಿರಾಕರಣಕ್ಕಾಗಿ ನಡೆದ ಪ್ರವಚನವೆಂದು ಹೇಳಿದೆ, ಈ ನೃಪತುಂಗನನ್ನು ರಾಷ್ಟ್ರಕೂಟ ಅಮೋಘವರ್ಷನೆಂದು (ಕ್ರಿ.ಶ. ೮೧೪-೮೭೮) ವಿದ್ವಾಂಸರು ಗುರುತಿಸಿದ್ದಾರೆ. ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಇದನ್ನು ಹಿಂದಿ ಅನುವಾದದೊಡನೆ ಸಂಪಾದಿಸಿ ೧೯೪೦ರಲ್ಲಿ ಸೊಲ್ಲಾಪುರದಿಂದ ಪ್ರಕಟಿಸಿದರು. ಕಾಮದಿಂದಾಗಲಿ ಅರ್ಥಲೋಭದಿಂದಾಗಲಿ ಮಿತ್ರಸ್ನೇಹದಿಂದಾಗಲಿ ಬಂಧುಭಾವದಿಂದಾಗಲಿ ಸತ್ಕಾರದ ಆಸೆಯಿಂದಾಗಲಿ ಚಿಕಿತ್ಸೆ ಮಾಡತಕ್ಕದ್ದಲ್ಲ, ಕಾರುಣ್ಯದಿಂದಲೂ ಕರ್ಮಕ್ಷಯಾರ್ಥವಾಗಿಯೂ ಮಾಡತಕ್ಕದ್ದು ಎಂಬುದು ಅಲ್ಲಿಯ ಅಭಿಪ್ರಾಯ. ಬಂಧುಭಾವವನ್ನೂ ಇಲ್ಲಿ ನಿಷೇಧಿಸಿರುವುದು ವಿಚಾರಾರ್ಹ. ತನ್ನವನೆಂಬ ಕಾರಣದಿಂದ ಒಬ್ಬನಿಗೆ ಹೆಚ್ಚು, ಪರಕೀಯನೆಂಬ ಕಾರಣದಿಂದ ಮತ್ತೊಬ್ಬನಿಗೆ ಕಡಿಮೆ ಎಂಬ ತಾರತಮ್ಯಕ್ಕೆ ಹೀಗೆ ಆಸ್ಪದವೇ ಉಳಿಯುವುದಿಲ್ಲ. ವೈದ್ಯ-ರೋಗಿಗಳ ಸಂಬಂಧವನ್ನು ವ್ಯಾಪಾರದಿಂದಲೂ ಪಕ್ಷಪಾತದಿಂದಲೂ ಬಿಡಿಸುವ ಪ್ರಯತ್ನವಿದು.

ಲಾಭವಿಲ್ಲದಿದ್ದರೆ ಹೊಸ ಔಷಧ ಹುಟ್ಟುವುದಿಲ್ಲವೆಂಬ ವಾದವೊಂದುಂಟು. ಜೈನ ವೈದ್ಯಪರಂಪರೆಯು ಇದಕ್ಕೆ ಬೇರೊಂದು ನಿದರ್ಶನವನ್ನು ಒದಗಿಸುತ್ತದೆ. ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಿಸಿದ ಜಗದ್ದಳ ಸೋಮನಾಥನು (ಸು. ೧೧೫೦) ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದ ಚಿಕಿತ್ಸೆಯನ್ನು ನಿರೂಪಿಸಿದ್ದಾನೆ. ಮಾಂಸರಸ, ಜೇನು, ಮದ್ಯಗಳು ಅಂದಿನ ಯೋಗಗಳಲ್ಲಿ ಪದೇ ಪದೇ ಬರುವ ದ್ರವ್ಯಗಳು. ಅವನ್ನು ತ್ಯಜಿಸಿದಾಗ ಪ್ರತಿಯೊಂದು ಯೋಗಕ್ಕೂ ಬದಲಿ ದ್ರವ್ಯವನ್ನು ಅನ್ವೇಷಿಸುವುದು ಅನಿವಾರ್ಯವಾಯಿತು. ಇಲ್ಲಿ ಅನ್ವೇಷಣೆಗೆ ಪ್ರೇರಕವಾದುದು ಅಹಿಂಸಾವ್ರತವೇ ಹೊರತು ಲಾಭವಲ್ಲ. ಕೀರ್ತಿವರ್ಮನ ಗೋವೈದ್ಯ (ಸು. ೧೧೨೫) ಮೂಕಪ್ರಾಣಿಗಳ ಚಿಕಿತ್ಸೆಗೆ ಮೀಸಲಾಯಿತು. ಮಂಗರಾಜನ ಖಗೇಂದ್ರಮಣಿದರ್ಪಣ (ಸು. ೧೩೬೦) ಸ್ಥಾವರ-ಜಂಗಮ ವಿಷಗಳ ಪರಿಹಾರವನ್ನು ಕನ್ನಡದಲ್ಲಿಯೇ ತಿಳಿಸಿತು. ವಿಷವೇರಿದವನಿಗೆ ದೂರದ ಪಂಡಿತನನ್ನು ಕಾಯುವ ಅವಕಾಶವಿಲ್ಲ. ಸಮೀಪದಲ್ಲಿರುವವರು ಓದಬಲ್ಲ ಭಾಷೆಯಲ್ಲಿ ಗ್ರಂಥವಿರುವುದೇ ಅಂಥಲ್ಲಿ ಮೊದಲ ಉಪಕಾರ.

ಹಾಗೆಂದು ದಾನದಿಂದ ವೆಚ್ಚವು ಮಾಯವಾಗುವುದಿಲ್ಲ. ಬೇರುಗಳನ್ನು ತರುವವನಿಗೂ ಔಷಧವನ್ನು ಕಾಯಿಸುವವನಿಗೂ ವೈದ್ಯನ ಕುಟುಂಬಕ್ಕೂ ಅನ್ನ ಬೇಕು. ಪ್ರಾಚೀನ ಸಮಾಜವು ಈ ವೆಚ್ಚವನ್ನು ರೋಗಿಯ ಹೆಗಲಿನಿಂದ ದತ್ತಿಯ ಮೇಲಕ್ಕೆ ವರ್ಗಾಯಿಸಿದ ಉದಾಹರಣೆಗಳಿವೆ. ಅವು ಯಾವುದೇ ಒಂದು ಮತಕ್ಕೆ ಸೀಮಿತವಲ್ಲ. ಚೋಳ ವೀರರಾಜೇಂದ್ರನ ಕಾಲದ, ಹನ್ನೊಂದನೆಯ ಶತಮಾನದ ತಿರುಮುಕ್ಕೂಡಲ್ ಶಾಸನವು ವಿಷ್ಣುದೇವಾಲಯಕ್ಕೆ ಸೇರಿದ ೧೫ ಹಾಸಿಗೆಗಳ ಆತುರಶಾಲೆಯನ್ನು ಹೇಳುತ್ತದೆ. ಅಲ್ಲಿಯ ವೈದ್ಯನಿಗೆ ವರ್ಷಕ್ಕೆ ೯೦ ಕಲಂ ಭತ್ತ ಮತ್ತು ೮ ಕಾಸು ನಿಗದಿಯಾಗಿತ್ತು. ಶಸ್ತ್ರಚಿಕಿತ್ಸಕ, ಬೇರು-ಮೂಲಿಕೆ ತರುವವರು, ಪರಿಚಾರಿಕೆಯರು ಇವರಿಗೂ ಜೀವಿತವನ್ನು ಗೊತ್ತುಮಾಡಿ, ಶೇಖರಿಸಿಡಬೇಕಾದ ಔಷಧಗಳ ಪಟ್ಟಿಯನ್ನೂ ಕೊಟ್ಟಿದೆ. ಬಳ್ಳಿಗಾವೆಯ ಕೋಡಿಯಮಠವು ಅನಾಥ ರೋಗಿಗಳಿಗೆ ಭೈಷಜ್ಯಸ್ಥಾನವಾಗಿತ್ತೆಂದು ೧೧೬೨ರ ಶಾಸನ ವರ್ಣಿಸುತ್ತದೆ. ಅದು ಕಾಳಾಮುಖರ ಮಠ. ವೈದ್ಯನ ಜೀವನೋಪಾಯವು ನಿಶ್ಚಿತವಾದಾಗ ರೋಗಿಯ ಎದುರಿನಲ್ಲಿ ಅವನು ಕೈಯೊಡ್ಡಬೇಕಾಗಿಲ್ಲ. ಉಗ್ರಾದಿತ್ಯರ ಆದರ್ಶವು ಆಚರಣೆಗೆ ಇಳಿಯಬೇಕಾದರೆ ಇಂತಹ ಆಧಾರ ಅವಶ್ಯಕ.

ಎರಡನೆಯ ಪ್ರಶ್ನೆ ಜ್ಞಾನದ ಸ್ವಾಮ್ಯಕ್ಕೆ ಸಂಬಂಧಿಸಿದ್ದು. ಉಗ್ರಾದಿತ್ಯರು ಶಾಲಾಕ್ಯಕ್ಕೆ ಪೂಜ್ಯಪಾದರನ್ನೂ ಶಲ್ಯತಂತ್ರಕ್ಕೆ ಪಾತ್ರಸ್ವಾಮಿಯನ್ನೂ ವಿಷ ಮತ್ತು ಉಗ್ರಗ್ರಹಗಳ ಶಮನಕ್ಕೆ ಸಿದ್ಧಸೇನರನ್ನೂ ಕಾಯಚಿಕಿತ್ಸೆಗೆ ದಶರಥಗುರುವನ್ನೂ ಬಾಲವೈದ್ಯಕ್ಕೆ ಮೇಘನಾದರನ್ನೂ ಸ್ಮರಿಸಿದ್ದಾರೆ. ಪೂರ್ವಾಚಾರ್ಯರಿಗೆ ಋಣವನ್ನು ಒಪ್ಪಿಕೊಳ್ಳುವ ಈ ಕ್ರಮದಲ್ಲಿ ಕರ್ತೃತ್ವಕ್ಕೆ ಗೌರವವುಂಟು, ಆದರೆ ಏಕಸ್ವಾಮ್ಯದ ಹಕ್ಕಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯ ಶಾಸ್ತ್ರದಾನವೂ ಇದೇ ಮನೋಧರ್ಮದ ಫಲ. ಇದಕ್ಕೆ ವಿರುದ್ಧವಾದ ರೂಢಿಯೂ ಇತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಸಿದ್ಧಯೋಗಗಳನ್ನು ಮನೆತನದ ಗುಟ್ಟಾಗಿರಿಸಿಕೊಂಡು ಮಗನಿಗೋ ಶಿಷ್ಯನಿಗೋ ಮಾತ್ರ ಹೇಳುವ ಪದ್ಧತಿಯಿಂದ ಎಷ್ಟೋ ವಿದ್ಯೆಗಳು ಲುಪ್ತವಾದವು.

ಈ ಎರಡು ಪ್ರವೃತ್ತಿಗಳ ಘರ್ಷಣೆಯನ್ನೇ ಆಧುನಿಕ ಕಾನೂನಿನಲ್ಲಿಯೂ ಕಾಣಬಹುದು. ರಾಜಗೋಪಾಲ ಅಯ್ಯಂಗಾರ್ ಅವರ ೧೯೫೯ರ ವರದಿಯನ್ನು ಅನುಸರಿಸಿ ರೂಪುಗೊಂಡ ೧೯೭೦ರ ಭಾರತೀಯ ಪೇಟೆಂಟು ಅಧಿನಿಯಮವು ೧೯೭೨ರಲ್ಲಿ ಜಾರಿಗೆ ಬಂದಿತು. ಅದು ಔಷಧವಸ್ತುವಿಗೆ ಪೇಟೆಂಟನ್ನು ನಿರಾಕರಿಸಿ, ತಯಾರಿಕೆಯ ವಿಧಾನಕ್ಕೆ ಮಾತ್ರ, ಹೆಚ್ಚೆಂದರೆ ಏಳು ವರ್ಷಗಳ ಹಕ್ಕನ್ನು ಕೊಟ್ಟಿತು. ಒಂದೇ ಔಷಧವನ್ನು ಬೇರೆ ಬೇರೆ ವಿಧಾನಗಳಿಂದ ಹಲವರು ತಯಾರಿಸಲು ಸಾಧ್ಯವಾಗಿ, ಬೆಲೆಗಳು ಇಳಿದವು. ೨೦೦೫ರಿಂದ ಔಷಧವಸ್ತುವಿಗೂ ಇಪ್ಪತ್ತು ವರ್ಷಗಳ ಪೇಟೆಂಟು ಮತ್ತೆ ಬಂದಿತು. ಹೊಸ ಔಷಧದ ಪರೀಕ್ಷೆಗೆ ಅಪಾರ ವೆಚ್ಚವಾಗುವುದು ನಿಜ. ಅದನ್ನು ಕೇವಲ ದಾನದಿಂದ ತುಂಬಿಕೊಡಬಹುದೆಂದು ಹೇಳುವುದು ಸಾಹಸವಾದೀತು. ಆದರೆ ಆ ವೆಚ್ಚವನ್ನು ಹಾಸಿಗೆ ಹಿಡಿದ ರೋಗಿಯಿಂದಲೇ ವಸೂಲು ಮಾಡಬೇಕೆಂಬುದು ಏಕೈಕ ಮಾರ್ಗವಲ್ಲವೆಂಬುದಕ್ಕೆ ತಿರುಮುಕ್ಕೂಡಲಿನ ಶಿಲೆ ಸಾಕ್ಷಿಯಾಗಿದೆ.

ಹಸ್ತಪ್ರತಿಗಳಿಗೂ ಈ ವಿವಾದಕ್ಕೂ ನೇರವಾದ ಸಂಬಂಧವೊದಗಿದ್ದು ಅರಿಸಿನದ ಪ್ರಕರಣದಲ್ಲಿ. ಗಾಯ ಮಾಯಿಸಲು ಅರಿಸಿನವನ್ನು ಬಳಸುವುದಕ್ಕೆ ಅಮೆರಿಕದಲ್ಲಿ ೧೯೯೫ರಲ್ಲಿ ಪೇಟೆಂಟು ದೊರೆಯಿತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಪರಿಷತ್ತು ಸಂಸ್ಕೃತ, ಹಿಂದಿ, ಉರ್ದು ಮೊದಲಾದ ಭಾಷೆಗಳ ೩೨ ಲಿಖಿತ ಆಧಾರಗಳನ್ನು ಮುಂದಿಟ್ಟಿತು. ೧೯೯೭ರಲ್ಲಿ ಅದು ರದ್ದಾಯಿತು. ಪ್ರತಿ ಮನೆಯ ಅಜ್ಜಿಗೂ ತಿಳಿದಿದ್ದ ಮದ್ದನ್ನು ಉಳಿಸಿದ್ದು ಬಾಯಿಮಾತಲ್ಲ, ಲಿಖಿತ ಪ್ರಮಾಣ. ಅನಂತರ ೨೦೦೧ರಲ್ಲಿ ಆರಂಭವಾದ ಪಾರಂಪರಿಕ ಜ್ಞಾನದ ಸರ್ಕಾರೀ ಸಂಗ್ರಹವು ಮುದ್ರಿತ ಗ್ರಂಥಗಳ ಯೋಗಗಳನ್ನು ಪಾಶ್ಚಾತ್ಯ ಭಾಷೆಗಳಿಗೂ ಜಪಾನೀ ಭಾಷೆಗೂ ತಂದು, ಪೇಟೆಂಟು ಪರೀಕ್ಷಕರ ಮುಂದಿಡುವ ವ್ಯವಸ್ಥೆ ಮಾಡಿತು.

‘ಮುದ್ರಿತ’ ಎಂಬ ಮಾತೇ ಇಲ್ಲಿ ಮುಖ್ಯ. ಖಗೇಂದ್ರಮಣಿದರ್ಪಣವು ೧೯೪೨ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಿಂದ ಪ್ರಕಟವಾಗಿ ಬೆಳಕಿಗೆ ಬಂದಿತು. ಭುಜಬಲಿ ಶಾಸ್ತ್ರಿಗಳು ಮೂಡಬಿದಿರೆ, ಕಾರ್ಕಳ ಮುಂತಾದ ಕಡೆಗಳ ಭಂಡಾರಗಳನ್ನು ಶೋಧಿಸಿ ೧೯೪೮ರಲ್ಲಿ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯನ್ನು ಕೊಟ್ಟರು. ಆದರೆ ಸೂಚಿಯಲ್ಲಿ ಹೆಸರಿರುವುದು ಬೇರೆ, ಪಾಠ ಪರಿಷ್ಕೃತವಾಗಿ ದೊರೆಯುವುದು ಬೇರೆ. ಬಿಡಿ ಓಲೆಗಳಲ್ಲಿ ಹರಿದುಹೋಗಿರುವ ವೈದ್ಯಸಂಗ್ರಹಗಳು ಪುರಾಣ-ಸಿದ್ಧಾಂತ ಗ್ರಂಥಗಳಷ್ಟು ಸಂಪಾದಕರ ಆದರಕ್ಕೆ ಪಾತ್ರವಾಗಿಲ್ಲ. ಓದದೆ ಉಳಿದ ಓಲೆ ನ್ಯಾಯಸ್ಥಾನದಲ್ಲಿ ಸಾಕ್ಷಿ ನುಡಿಯಲಾರದು. ಅದರಲ್ಲಿರುವ ಯೋಗವು ನಾಳೆ ಅನ್ಯರ ಹೆಸರಿನಲ್ಲಿ ಬೆಲೆಕಟ್ಟಿ ಮಾರಾಟಕ್ಕೆ ಬಂದರೆ ತಡೆಯುವ ಆಧಾರವೂ ಇರುವುದಿಲ್ಲ.

ಶತಮಾನಗಳ ಕಾಲ ಮೂಡಬಿದಿರೆಯಲ್ಲಿ ಪೂಜೆಗೊಳ್ಳುತ್ತಿದ್ದ ಧವಲಾಗ್ರಂಥವು ೧೯೩೯ರಿಂದ ಮುದ್ರಣಗೊಂಡ ಮೇಲೆಯೇ ಎಲ್ಲೆಡೆಯ ವಿದ್ವಾಂಸರ ಅಧ್ಯಯನಕ್ಕೆ ದೊರೆಯಿತೆಂಬುದನ್ನು ಇಲ್ಲಿ ನೆನೆಯಬಹುದು. ವೈದ್ಯಗ್ರಂಥಗಳಿಗೂ ಆ ಭಾಗ್ಯ ಬರಬೇಕಾಗಿದೆ. ಸಸ್ಯನಾಮಗಳನ್ನು ಬಲ್ಲ ವೈದ್ಯರೂ ಲಿಪಿಯನ್ನು ಬಲ್ಲ ಪಂಡಿತರೂ ಕೂಡಿ ಕುಳಿತು ಮಾಡಬೇಕಾದ ಕಾರ್ಯವಿದು, ಒಬ್ಬರಿಂದಲೇ ಆಗತಕ್ಕದ್ದಲ್ಲ. ಸಮಂತಭದ್ರರ ದೃಷ್ಟಾಂತದಲ್ಲಿ ವೃಷಭಸೇನೆಯ ಪಕ್ಕದಲ್ಲಿಯೇ ಕೌಂಡೇಶನಿದ್ದಾನೆ. ಇಂದಿನ ಪರಿಸ್ಥಿತಿಯಲ್ಲಿ ಶಾಸ್ತ್ರದಾನವಿಲ್ಲದೆ ಔಷಧದಾನವೂ ನಿಲ್ಲಲಾರದು.