ಪದ ಪರಿಚಯ: ಪೋರ್ಟಬಲೈಸ್

ಲ್ಯಾಟಿನ್ನಿನ ‘ಪೋರ್ಟಾರೆ’ ಎಂದರೆ ಹೊರುವುದು. ‘ಪೋರ್ಟಬಲ್’ ಹುಟ್ಟಿದ್ದು ಅದರಿಂದಲೇ; ರೈಲು ನಿಲ್ದಾಣದ ‘ಪೋರ್ಟರ್’ ಕೂಡ ಅದೇ ಮನೆಯವನು. ಹಳೆಯ ಗೇಮ್ ಕನ್ಸೋಲ್ ಬಿಚ್ಚಿ ಕೈಯಲ್ಲಿ ಹಿಡಿದು ಆಡುವಂತೆ ಮಾರ್ಪಡಿಸುವ ಹವ್ಯಾಸಿಗಳು ಆ ಪದಕ್ಕೆ ಬಾಲ ಅಂಟಿಸಿ ‘ಪೋರ್ಟಬಲೈಸ್’ ಎಂಬ ಕ್ರಿಯಾಪದ ಮಾಡಿಕೊಂಡಿದ್ದಾರೆ. ಆದರೆ ಹೊರುವ ಅರ್ಥ ಇಲ್ಲಿ ಹಿಂದೆ ಸರಿದಿದೆ. 2001ರ ನಿಂಟೆಂಡೊ ಗೇಮ್‌ಕ್ಯೂಬ್‌ಗೆ ಬೆನ್ನಲ್ಲೇ ಹಿಡಿಕೆಯಿತ್ತು, ತೂಗಾಡಿಸಿಕೊಂಡು ಒಯ್ಯಬಹುದಿತ್ತು. ಆದರೂ ಅದನ್ನು ಪೋರ್ಟಬಲೈಸ್ ಮಾಡುತ್ತಾರೆ, ಏಕೆಂದರೆ ಅದಕ್ಕೆ ಗೋಡೆಯ ಪ್ಲಗ್ಗೂ ಟಿವಿಯೂ ಬೇಕೇ ಬೇಕು. ಆ ಎರಡು ಹಂಗು ಹರಿದು ಬ್ಯಾಟರಿ, ಪರದೆ, ಗುಂಡಿಗಳನ್ನು ಒಂದೇ ಕವಚಕ್ಕೆ ತರುವುದೇ ಪದದ ತಿರುಳು. ಗೇಮ್‌ಕ್ಯೂಬ್ ಆಟಗಳನ್ನೂ ನಡೆಸುವ 2006ರ ವೀ ಕನ್ಸೋಲಿನ ಮದರ್‌ಬೋರ್ಡನ್ನಂತೂ ಪ್ರೊಸೆಸರ್, ಮೆಮೊರಿಯ ಸುತ್ತಲಷ್ಟೇ ಉಳಿಸಿ ಅಂಚುಗಳನ್ನು ಕತ್ತರಿಸಿಯೇ ಹಾಕುತ್ತಾರೆ. ಹೋದ ವಿದ್ಯುತ್ ಭಾಗಗಳಿಗೆ ಬದಲಿಯನ್ನು ಬೆಸೆಯುತ್ತಾರೆ. ಧೈರ್ಯ ಬೇಕು!

ಎಮ್ಯುಲೇಟರ್ ಹಾಕಿದ ಪುಟ್ಟ ಕಂಪ್ಯೂಟರಿನಲ್ಲೂ ಅವೇ ಆಟ ಓಡುತ್ತವಲ್ಲ, ಇಷ್ಟೆಲ್ಲ ಏಕೆ ಎನ್ನಬಹುದು. ಓಡುತ್ತವೆ, ಕೆಲಸವೂ ಹಗುರ. ಆದರೆ ಎಮ್ಯುಲೇಟರ್ ಹಳೆಯ ಕನ್ಸೋಲನ್ನು ತಂತ್ರಾಂಶದಲ್ಲಿ ನಕಲು ಮಾಡಿ ತೋರಿಸುವುದು. ಪೋರ್ಟಬಲೈಸ್ ಆಗುವುದು ಮೂಲ ಯಂತ್ರವೇ. ಹಾಗಾಗಿ ಕನ್ನಡದಲ್ಲಿ ‘ಒಯ್ಯಬಲ್ಲದಾಗಿಸು’ ಎಂಬ ಪದಶಃ ಅನುವಾದ ಸಾಲದು. ‘ಅಂಗೈಗಿಳಿಸು’ ಹೆಚ್ಚು ಸರಿ.