ಹಳೆಯ ಕಂಪ್ಯೂಟರಿಗೆ ಹೊಸ ಮೆಮೊರಿ: ಹಾಕಿಸುವ ಮೊದಲು ತಿಳಿದಿರಬೇಕಾದ ವಿಷಯಗಳು

"ಕಂಪ್ಯೂಟರ್ ತುಂಬಾ ಸ್ಲೋ ಆಗಿದೆ, ಹೊಸದು ತೆಗೆದುಕೊಳ್ಳೋಣ" ಎಂಬ ಮಾತು ಇಂದು ಹೆಚ್ಚಿನ ಮನೆಗಳಲ್ಲಿ ಕೇಳಿಬರುತ್ತದೆ. ಚರ್ಚ್ ಕಚೇರಿಗಳಲ್ಲೂ ಇದೇ ಮಾತು. ಕರಾವಳಿಯಿಂದ ಬಂದು ಮೈಸೂರಿನಲ್ಲಿ ನೆಲೆಸಿರುವ ನಮ್ಮ ಮನೆಯಲ್ಲಿಯೂ 2024ರಲ್ಲಿ ಇದೇ ಚರ್ಚೆ ನಡೆಯಿತು. 2017ರಲ್ಲಿ ಕೊಂಡ ಲ್ಯಾಪ್‌ಟಾಪ್. ಒತ್ತಿದ ಗುಂಡಿಗೆ ಅದು ಉತ್ತರ ಕೊಡುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಮುಗಿಸಬಹುದಿತ್ತು. ಹೊಸದಕ್ಕೆ ಹಣ ಹೊಂದಿಸುವುದು ಸುಲಭವಿರಲಿಲ್ಲ. ಕೊನೆಗೆ ಹೊಸ ಯಂತ್ರ ಬೇಕಾಗಲೇ ಇಲ್ಲ. ಒಂದು ಮೆಮೊರಿ ತುಂಡು ಹಾಕಿದ್ದರಿಂದಲೇ ಹೆಚ್ಚಿನ ತೊಂದರೆ ನೀಗಿತು. ಆ ದಾರಿಯಲ್ಲಿ ನಾವು ಕಲಿತದ್ದನ್ನು, ಮಾಡಿದ ತಪ್ಪನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇವೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ: ಮೊದಲು ಪರೀಕ್ಷೆ, ಆಮೇಲೆ ಖರೀದಿ.

ಮೆಮೊರಿ ಎಂದರೇನು?

ಮೆಮೊರಿ ಅಥವಾ ರ‍್ಯಾಮ್ ಬೇರೆ, ಕಡತಗಳನ್ನು ಉಳಿಸಿಡುವ ಹಾರ್ಡ್ ಡಿಸ್ಕ್ ಬೇರೆ. ಕಚೇರಿಯ ಕಪಾಟು ಮತ್ತು ಮೇಜನ್ನು ನೆನಪಿಸಿಕೊಳ್ಳಿ. ಹಾರ್ಡ್ ಡಿಸ್ಕ್ ಎಂದರೆ ಕಪಾಟು. ಎಲ್ಲ ಪುಸ್ತಕಗಳೂ ಅಲ್ಲಿ ಇರುತ್ತವೆ. ರ‍್ಯಾಮ್ ಎಂದರೆ ಮೇಜು. ಸದ್ಯ ಓದಿ ಬರೆಯುತ್ತಿರುವ ಪುಸ್ತಕಗಳಷ್ಟೇ ಅದರ ಮೇಲೆ ತೆರೆದಿರುತ್ತವೆ. ಮೇಜು ಚಿಕ್ಕದಾದರೆ ಒಂದನ್ನು ಮುಚ್ಚಿ ಕಪಾಟಿನಲ್ಲಿಟ್ಟು ಇನ್ನೊಂದನ್ನು ತರಬೇಕು. ಕಂಪ್ಯೂಟರ್ ಮಾಡುವುದೂ ಇದನ್ನೇ. ರ‍್ಯಾಮ್ ತುಂಬಿದಾಗ ಅದರಲ್ಲಿ ಸ್ವಲ್ಪ ಭಾಗವನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮತ್ತೆ ತರುತ್ತದೆ. ತಿರುಗುವ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಒಂದು ಮಾಹಿತಿ ಹುಡುಕಲು ರ‍್ಯಾಮ್‌ಗಿಂತ ಸುಮಾರು ಲಕ್ಷ ಪಟ್ಟು ಹೆಚ್ಚು ಸಮಯ ಹಿಡಿಯುತ್ತದೆ. ಯಂತ್ರ ನಿಧಾನವಾಗುವುದು ಈ ಓಡಾಟದಿಂದ.

ಈಗ ಬಳಕೆಯಲ್ಲಿರುವ ಮೆಮೊರಿಯ ಮೂಲ ವಿನ್ಯಾಸ ಐಬಿಎಂ ಕಂಪೆನಿಯ ರಾಬರ್ಟ್ ಡೆನ್ನಾರ್ಡ್ ಅವರದು. ಅದಕ್ಕೆ 1968ರಲ್ಲಿ ಪೇಟೆಂಟ್ ದೊರೆಯಿತು. ಅತಿ ಸಣ್ಣ ಕೋಶಗಳಲ್ಲಿ ವಿದ್ಯುತ್ತನ್ನು ತುಂಬಿಡುವುದು ಇದರ ಉಪಾಯ. ಆ ವಿದ್ಯುತ್ ಸೋರಿಹೋಗುವುದರಿಂದ ಸೆಕೆಂಡಿಗೆ ಹಲವು ಬಾರಿ ಮತ್ತೆ ತುಂಬುತ್ತಿರಬೇಕು. ಕರೆಂಟು ಹೋದರೆ ರ‍್ಯಾಮಿನಲ್ಲಿದ್ದದ್ದೆಲ್ಲ ಅಳಿದುಹೋಗುತ್ತದೆ. ಸೇವ್ ಮಾಡದ ಪತ್ರ ಮಾಯವಾಗುವುದು ಇದರಿಂದಲೇ.

ಮೊದಲು ಪರೀಕ್ಷೆ

ವಿಂಡೋಸ್ 10 ಅಥವಾ 11 ಇರುವ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎಂಬಲ್ಲಿಗೆ ಹೋಗಿ ಮೆಮೊರಿ ಎಂಬುದನ್ನು ಆರಿಸಿ. ನೀವು ದಿನವೂ ಬಳಸುವ ಎಲ್ಲ ತಂತ್ರಾಂಶಗಳನ್ನು ತೆರೆದಿಟ್ಟುಕೊಂಡೇ ಇದನ್ನು ನೋಡಬೇಕು.

ಬಳಕೆ ಸದಾ ಶೇಕಡಾ 85-90ರ ಮೇಲಿದ್ದರೆ ಮೆಮೊರಿ ಸಾಲುತ್ತಿಲ್ಲ ಎಂದು ತಿಳಿಯಬಹುದು. ಅರ್ಧದಷ್ಟು ಖಾಲಿ ಇದ್ದೂ ಯಂತ್ರ ತೆವಳುತ್ತಿದ್ದರೆ ದೋಷ ಬೇರೆಡೆ ಇದೆ. ಮೆಮೊರಿಗೆ ಹಾಕುವ ಹಣ ವ್ಯರ್ಥ. ನಮ್ಮ 4 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಬ್ರೌಸರಿನ ಏಳೆಂಟು ಪುಟಗಳು ಮತ್ತು ಮಗಳ ಆನ್‌ಲೈನ್ ತರಗತಿ ತೆರೆದಾಗ ಬಳಕೆ ಶೇಕಡಾ 93 ಆಗಿತ್ತು.

ಅದೇ ಪುಟದ ಕೆಳಭಾಗದಲ್ಲಿ ಎಷ್ಟು ಸ್ಲಾಟ್‌ಗಳಲ್ಲಿ ಎಷ್ಟು ಬಳಕೆಯಾಗಿವೆ ಮತ್ತು ಮೆಮೊರಿಯ ವೇಗ ಎಷ್ಟು ಎಂಬುದೂ ಇರುತ್ತದೆ. ಬರೆದಿಟ್ಟುಕೊಳ್ಳಿ.

ಎಷ್ಟು ಬೇಕು?

ಪತ್ರ ಟೈಪ್ ಮಾಡುವುದು, ಲೆಕ್ಕಪತ್ರ, ಇಮೇಲ್, ವಿಡಿಯೋ ಕರೆ, ಬ್ರೌಸರ್ - ಇಷ್ಟಕ್ಕೆ 8 ಜಿಬಿ ಸಾಕು. ವಾರ್ಷಿಕ ಸಂಚಿಕೆಯ ಪುಟವಿನ್ಯಾಸ, ಹಬ್ಬದ ಫೋಟೋ ಮತ್ತು ವಿಡಿಯೋ ಎಡಿಟಿಂಗ್ ಮಾಡುವವರಿಗೆ 16 ಜಿಬಿ ಒಳ್ಳೆಯದು. ವಿಂಡೋಸ್ 11ಕ್ಕೆ 4 ಜಿಬಿ ಕನಿಷ್ಠ ಎಂದು ಹೇಳಲಾಗಿದ್ದರೂ ಅಷ್ಟರಲ್ಲಿ ನೆಮ್ಮದಿಯಾಗಿ ಕೆಲಸ ಮಾಡಲಾಗದು.

ಹಳೆಯ ಯಂತ್ರಗಳಲ್ಲಿ 32 ಬಿಟ್ ವಿಂಡೋಸ್ ಇದ್ದರೆ ಅದು 4 ಜಿಬಿಗಿಂತ ಹೆಚ್ಚಿನದನ್ನು ಬಳಸಿಕೊಳ್ಳದು. ಅಂಥ ಯಂತ್ರಕ್ಕೆ 8 ಜಿಬಿ ಹಾಕಬೇಕಾದರೆ 64 ಬಿಟ್ ಆವೃತ್ತಿಯನ್ನೂ ಹಾಕಬೇಕು. ಪ್ರತಿ ಮದರ್‌ಬೋರ್ಡಿಗೂ ಇಂತಿಷ್ಟೇ ಗರಿಷ್ಠ ಎಂಬ ಮಿತಿಯೂ ಇದೆ. ಮಾಡೆಲ್ ಸಂಖ್ಯೆ ಹಾಕಿ ತಯಾರಕರ ಜಾಲತಾಣದಲ್ಲಿ ಹುಡುಕಿದರೆ ಈ ವಿವರ ಸಿಗುತ್ತದೆ.

ಯಾವ ಬಗೆಯದು?

ನಾವು ಎಡವಿದ್ದು ಇಲ್ಲಿಯೇ. ಪೇಟೆಗೆ ಹೋಗಿ "ಲ್ಯಾಪ್‌ಟಾಪಿಗೆ 8 ಜಿಬಿ ರ‍್ಯಾಮ್ ಕೊಡಿ" ಎಂದಷ್ಟೇ ಕೇಳಿ ತಂದೆವು. ಮನೆಗೆ ಬಂದು ನೋಡಿದರೆ ಅದು ಸ್ಲಾಟಿಗೆ ಕೂರಲೇ ಇಲ್ಲ. ನಮ್ಮ ಯಂತ್ರದ್ದು ಡಿಡಿಆರ್4, ತಂದದ್ದು ಡಿಡಿಆರ್3! ತಪ್ಪು ನಮ್ಮದೇ. ಬಿಲ್ ಮತ್ತು ಕವರ್ ಜೋಪಾನವಾಗಿ ಇಟ್ಟಿದ್ದರಿಂದ ಅಂಗಡಿಯವರು ಬೇಸರಿಸದೆ ಬದಲಾಯಿಸಿ ಕೊಟ್ಟರು.

ಪೀಳಿಗೆಗಳನ್ನು ಹೀಗೆ ಗುರುತಿಸಬಹುದು:

ಡಿಡಿಆರ್3: 2007ರಲ್ಲಿ ಬಂತು. 1.5 ವೋಲ್ಟ್. ಲ್ಯಾಪ್‌ಟಾಪ್ ತುಂಡಿನಲ್ಲಿ 204 ಪಿನ್, ಡೆಸ್ಕ್‌ಟಾಪಿನದರಲ್ಲಿ 240 ಪಿನ್. ಡಿಡಿಆರ್3ಎಲ್ ಎಂಬುದು ಇದರದೇ 1.35 ವೋಲ್ಟಿನ ರೂಪ. ಕೆಲವು ಲ್ಯಾಪ್‌ಟಾಪ್‌ಗಳು ಇದನ್ನು ಮಾತ್ರ ಸ್ವೀಕರಿಸುತ್ತವೆ.

ಡಿಡಿಆರ್4: 2014ರಲ್ಲಿ ಬಂತು. 1.2 ವೋಲ್ಟ್. ಲ್ಯಾಪ್‌ಟಾಪಿನದು 260 ಪಿನ್, ಡೆಸ್ಕ್‌ಟಾಪಿನದು 288 ಪಿನ್.

ಡಿಡಿಆರ್5: 2021ರ ಕೊನೆಯಿಂದ ಮನೆಬಳಕೆಯ ಡೆಸ್ಕ್‌ಟಾಪ್‌ಗಳಲ್ಲಿ ಬರತೊಡಗಿತು. 1.1 ವೋಲ್ಟ್. ಲ್ಯಾಪ್‌ಟಾಪಿನದು 262 ಪಿನ್, ಡೆಸ್ಕ್‌ಟಾಪಿನದು 288 ಪಿನ್.

ಒಂದು ಪೀಳಿಗೆಯದು ಇನ್ನೊಂದರ ಸ್ಲಾಟಿನಲ್ಲಿ ಕೂರದು. ಅಂಚಿನಲ್ಲಿರುವ ಕಚ್ಚು ಪ್ರತಿಯೊಂದರಲ್ಲಿಯೂ ಬೇರೆ ಬೇರೆ ಜಾಗದಲ್ಲಿದೆ. ಬಲವಂತವಾಗಿ ಒತ್ತಿದರೆ ಮದರ್‌ಬೋರ್ಡೇ ಹಾಳಾಗುತ್ತದೆ. ಬೇರೆ ಬೇರೆ ವೇಗದ ಎರಡು ತುಂಡುಗಳು ಒಂದೇ ಪೀಳಿಗೆಯವಾಗಿದ್ದರೆ ಸಾಮಾನ್ಯವಾಗಿ ಕೆಲಸ ಮಾಡುತ್ತವೆ, ಆದರೆ ಎರಡೂ ಕಡಿಮೆ ವೇಗದ್ದಕ್ಕೆ ಹೊಂದಿಕೊಳ್ಳುತ್ತವೆ. ಒಂದೇ ಅಳತೆಯ ಜೋಡಿ ಹಾಕಿದರೆ ಎರಡು ದಾರಿಗಳಲ್ಲಿ ಒಮ್ಮೆಗೇ ಮಾಹಿತಿ ಸಾಗುವುದರಿಂದ ಇನ್ನಷ್ಟು ಲಾಭ. ಅಂಗಡಿಗೆ ಹೋಗುವಾಗ ಹಳೆಯ ತುಂಡಿನ ಲೇಬಲ್ಲಿನ ಫೋಟೋ ತೆಗೆದುಕೊಂಡು ಹೋಗುವುದು ಎಲ್ಲಕ್ಕಿಂತ ಸುಲಭದ ಉಪಾಯ.

ಹಾಕಲಾಗದ ಯಂತ್ರಗಳು

ತೆಳ್ಳಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿಯನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಆಪಲ್ ಕಂಪೆನಿಯ ಮ್ಯಾಕ್‌ಬುಕ್ ಏರ್ ಮೊದಲಿನಿಂದಲೂ ಹೀಗೆಯೇ. ಎಲ್‌ಪಿಡಿಡಿಆರ್ ಎಂದು ವಿವರದಲ್ಲಿದ್ದರೆ ಸಾಮಾನ್ಯವಾಗಿ ಅದೂ ಬೆಸೆದದ್ದೇ. ಇಂಥವಕ್ಕೆ ಆಮೇಲೆ ಸೇರಿಸಲಾಗದು. ಕೊಳ್ಳುವಾಗಲೇ ಬೇಕಾದಷ್ಟು ಇರುವುದನ್ನು ಆರಿಸಬೇಕು. ಕೆಲವು ಯಂತ್ರಗಳಲ್ಲಿ ಒಂದು ಭಾಗ ಬೆಸೆದಿದ್ದು ಒಂದು ಸ್ಲಾಟ್ ಖಾಲಿ ಇರುತ್ತದೆ. ಆದುದರಿಂದ ಟಾಸ್ಕ್ ಮ್ಯಾನೇಜರಿನ ಸ್ಲಾಟ್ ಲೆಕ್ಕವೊಂದನ್ನೇ ನಂಬದೆ ಮಾಡೆಲ್ಲಿನ ವಿವರವನ್ನೂ ನೋಡಿ.

ಬಿಚ್ಚುವ ಮೊದಲು

ಮೆಮೊರಿ ಬದಲಾಯಿಸುವುದರಿಂದ ಡಿಸ್ಕಿನಲ್ಲಿರುವ ಕಡತಗಳು ಅಳಿಯುವುದಿಲ್ಲ. ಆದರೂ ಹಳೆಯ ಯಂತ್ರವನ್ನು ಬಿಚ್ಚುವಾಗ ಏನೂ ಆಗಬಹುದು. ಚರ್ಚ್ ಕಚೇರಿಯ ಕಂಪ್ಯೂಟರಿನಲ್ಲಿ ಜ್ಞಾನಸ್ನಾನ, ಮದುವೆ, ಮರಣದ ದಾಖಲೆಗಳ ಪ್ರತಿಗಳು, ಕುಟುಂಬಗಳ ವಿವರ, ವರ್ಷಗಳ ಲೆಕ್ಕಪತ್ರ ಎಲ್ಲ ಇರುತ್ತವೆ. ಅವನ್ನು ಬೇರೊಂದು ಡಿಸ್ಕಿಗೆ ಪ್ರತಿ ಮಾಡಿ, ಆ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದ ಮೇಲೆಯೇ ಸ್ಕ್ರೂ ಡ್ರೈವರ್ ಕೈಗೆತ್ತಿಕೊಳ್ಳಿ. ವಾರಂಟಿ ಅವಧಿ ಮುಗಿದಿರದಿದ್ದರೆ ಅದರ ನಿಯಮಗಳನ್ನೂ ಓದಿ.

ಸ್ಥಿರ ವಿದ್ಯುತ್ತಿನ ಬಗ್ಗೆಯೂ ಎಚ್ಚರ ಬೇಕು. ನಮಗೆ ಅರಿವಾಗದಷ್ಟು ಸಣ್ಣ ಕಿಡಿಯೂ ಚಿಪ್ಪನ್ನು ಕೆಡಿಸಬಲ್ಲದು. ಕರಾವಳಿಯ ತೇವದ ಗಾಳಿಯಲ್ಲಿ ಇದು ಕಡಿಮೆ; ಮೈಸೂರಿನ ಫೆಬ್ರವರಿ-ಮಾರ್ಚಿನ ಒಣ ಹವೆಯಲ್ಲಿ ಹೆಚ್ಚು. ಜಮಖಾನದ ಮೇಲೆ ಕುಳಿತು ಈ ಕೆಲಸ ಮಾಡಬೇಡಿ. ಪಾಲಿಯೆಸ್ಟರ್ ಅಂಗಿಯೂ ಬೇಡ, ಮೈಸೂರು ರೇಷ್ಮೆ ಸೀರೆಯೂ ಬೇಡ, ಹತ್ತಿ ಬಟ್ಟೆ ಇರಲಿ. ತುಂಡನ್ನು ಮುಟ್ಟುವ ಮೊದಲು ಬಣ್ಣವಿಲ್ಲದ ಲೋಹದ ವಸ್ತುವೊಂದನ್ನು ಮುಟ್ಟಿ. ತುಂಡನ್ನು ಅಂಚಿನಲ್ಲಿ ಹಿಡಿಯಿರಿ. ಹೊಂಬಣ್ಣದ ಪಿನ್‌ಗಳಿಗೆ ಬೆರಳು ತಾಗದಿರಲಿ.

ಹಾಕುವ ಕ್ರಮ

1. ಯಂತ್ರವನ್ನು ಪೂರ್ತಿ ಶಟ್‌ಡೌನ್ ಮಾಡಿ. ನಿದ್ರಾ ಸ್ಥಿತಿ ಸಾಲದು. ಪ್ಲಗ್ ಅಥವಾ ಚಾರ್ಜರ್ ತೆಗೆಯಿರಿ.

2. ಲ್ಯಾಪ್‌ಟಾಪಿನ ಬ್ಯಾಟರಿ ಹೊರಬರುವಂತಿದ್ದರೆ ತೆಗೆಯಿರಿ. ಒಳಗಿದ್ದರೆ ಕೆಳಗಿನ ಮುಚ್ಚಳ ಬಿಚ್ಚಿದ ಕೂಡಲೇ ಅದರ ಕನೆಕ್ಟರ್ ಬಿಡಿಸಿ. ನಂತರ ಪವರ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿಹಿಡಿಯಿರಿ. ಉಳಿದ ವಿದ್ಯುತ್ ಹೋಗುತ್ತದೆ.

3. ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದು ತಟ್ಟೆಯಲ್ಲಿಡಿ. ಎಲ್ಲವೂ ಒಂದೇ ಉದ್ದ ಇರುವುದಿಲ್ಲ.

4. ಡೆಸ್ಕ್‌ಟಾಪ್ ಆದರೆ ಸ್ಲಾಟಿನ ತುದಿಯ ಕ್ಲಿಪ್ ತೆರೆದು, ಕಚ್ಚನ್ನು ಸರಿಹೊಂದಿಸಿ, ಎರಡೂ ತುದಿಗಳನ್ನು ನೇರವಾಗಿ ಒತ್ತಿ. ಕ್ಲಿಪ್ ಟಕ್ ಎಂದು ಮುಚ್ಚಿಕೊಳ್ಳಬೇಕು.

5. ಲ್ಯಾಪ್‌ಟಾಪ್ ಆದರೆ ತುಂಡನ್ನು ಓರೆಯಾಗಿ ಒಳಗೆ ತಳ್ಳಿ, ನಂತರ ಕೆಳಗೆ ಒತ್ತಿ. ಎರಡು ಬದಿಯ ಕೊಕ್ಕೆಗಳು ಹಿಡಿದುಕೊಳ್ಳಬೇಕು.

6. ಬ್ಯಾಟರಿ ಜೋಡಿಸಿ, ಮುಚ್ಚಳ ಹಾಕಿ, ಚಾಲೂ ಮಾಡಿ. ಟಾಸ್ಕ್ ಮ್ಯಾನೇಜರಿನಲ್ಲಿ ಹೊಸ ಮೊತ್ತ ಕಾಣಿಸುತ್ತಿದೆಯೇ ನೋಡಿ.

ಪರದೆ ಬೆಳಗದಿದ್ದರೆ

ಗಾಬರಿ ಬೇಡ. ಹೆಚ್ಚಿನ ಸಲ ತುಂಡು ಪೂರ್ತಿ ಕುಳಿತಿರುವುದಿಲ್ಲ. ಮತ್ತೆ ಪ್ಲಗ್ ಮತ್ತು ಬ್ಯಾಟರಿ ಬಿಡಿಸಿ, ತುಂಡನ್ನು ತೆಗೆದು ಹಾಕಿ. ಹಳೆಯದನ್ನು ಮಾತ್ರ, ಹೊಸದನ್ನು ಮಾತ್ರ ಇಟ್ಟು ನೋಡಿದರೆ ದೋಷ ಯಾವುದರದ್ದೆಂದು ತಿಳಿಯುತ್ತದೆ. ಡಿಡಿಆರ್5 ಯಂತ್ರಗಳಿಗೆ ಮೊದಲ ಸಲ ಹೊಂದಿಕೊಳ್ಳಲು ಕೆಲವು ನಿಮಿಷ ಬೇಕಾಗಬಹುದು. ಅವಸರದಲ್ಲಿ ಆಫ್ ಮಾಡಬೇಡಿ. ಯಂತ್ರ ಚಾಲೂ ಆಗಿ ಆಗಾಗ ನೀಲಿ ಪರದೆ ಬರುತ್ತಿದ್ದರೆ ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನಸ್ಟಿಕ್ ಪರೀಕ್ಷೆ ನಡೆಸಿ. ದೋಷ ಕಂಡುಬಂದರೆ ಬಿಲ್ ಸಮೇತ ಅಂಗಡಿಗೆ ಹೋಗಿ.

ಮೆಮೊರಿಯಿಂದ ಆಗದ ಕೆಲಸ

ಹೊಸ ತುಂಡು ಹಾಕಿದ ಮೇಲೆ ನಮ್ಮ ಲ್ಯಾಪ್‌ಟಾಪ್ 12 ಜಿಬಿಯದಾಯಿತು, ಮಗಳ ತರಗತಿ ತಡೆಯಿಲ್ಲದೆ ನಡೆಯಿತು. ಆದರೆ ಬೆಳಿಗ್ಗೆ ಚಾಲೂ ಆಗಲು ಮೊದಲಿನಷ್ಟೇ ಹೊತ್ತು ಹಿಡಿಯುತ್ತಿತ್ತು. ಅದು ತಿರುಗುವ ಹಾರ್ಡ್ ಡಿಸ್ಕಿನ ದೋಷ. ಅದರ ಬದಲು ಎಸ್‌ಎಸ್‌ಡಿ ಹಾಕಿಸಿದ ಮೇಲೆ ಅದೂ ಸರಿಹೋಯಿತು. 8 ಜಿಬಿ ಈಗಾಗಲೇ ಇದ್ದು ಹಾರ್ಡ್ ಡಿಸ್ಕ್ ಹಳೆಯದಾಗಿದ್ದರೆ ಮೊದಲ ಖರ್ಚು ಎಸ್‌ಎಸ್‌ಡಿಗೇ ಇರಲಿ.

ಇನ್ನೊಂದು ವಿಷಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11 ಮೆಮೊರಿಯನ್ನು ಮಾತ್ರವಲ್ಲ, ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ ನೋಡುತ್ತದೆ. ನಮ್ಮ 2017ರ ಯಂತ್ರ ಈ ಪಟ್ಟಿಯಲ್ಲಿಲ್ಲ. ಎಷ್ಟು ಮೆಮೊರಿ ಹಾಕಿದರೂ ಅಲ್ಲಿಗೆ ಸೇರದು. ಇಂಥ ಯಂತ್ರಗಳಲ್ಲಿ ಉಚಿತವಾಗಿ ಸಿಗುವ ಲಿನಕ್ಸ್ ಹಾಕಿ ಬಳಸಬಹುದು; ಕನ್ನಡ ಟೈಪಿಂಗ್‌ಗೂ ಅದರಲ್ಲಿ ಅನುಕೂಲವಿದೆ.

ಬೆಲೆಯ ಮಾತು

ಜಗತ್ತಿನ ಬಹುಪಾಲು ಮೆಮೊರಿ ಚಿಪ್‌ಗಳನ್ನು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರು ಕಂಪೆನಿಗಳು ತಯಾರಿಸುತ್ತವೆ. ಕೃತಕ ಬುದ್ಧಿಮತ್ತೆಯ ಬೃಹತ್ ಕೇಂದ್ರಗಳಿಂದ ಬೇಡಿಕೆ ಹೆಚ್ಚಿದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಮನೆಬಳಕೆಯ ಮೆಮೊರಿಯ ಬೆಲೆ ವಿಪರೀತ ಏರಿತು. ಗ್ರಾಹಕರಿಗೆ ಮಾರುತ್ತಿದ್ದ ತನ್ನ ಕ್ರೂಷಿಯಲ್ ಬ್ರ್ಯಾಂಡ್ ನಿಲ್ಲಿಸುವುದಾಗಿ ಮೈಕ್ರಾನ್ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಮೈಸೂರಿನಲ್ಲಿ ಪ್ರಧಾನ ಕಚೇರಿ ಇರುವ ಕೇನ್ಸ್ ಟೆಕ್ನಾಲಜಿಯ ಅಂಗಸಂಸ್ಥೆಗೆ ಗುಜರಾತಿನ ಸಾನಂದದಲ್ಲಿ ಚಿಪ್ ಜೋಡಣಾ ಘಟಕ ಸ್ಥಾಪಿಸಲು ಕೇಂದ್ರ ಸಂಪುಟ 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ನೀಡಿದ್ದು ನಮ್ಮೂರಿಗೆ ಹೆಮ್ಮೆಯ ವಿಷಯವೇ. ಆದರೆ ಅಂಗಡಿಯ ಬೆಲೆ ಅದರಿಂದ ಕೂಡಲೇ ಇಳಿಯದು. ಆದುದರಿಂದ ಅಗತ್ಯಕ್ಕಿಂತ ಹೆಚ್ಚು ಕೊಳ್ಳಬೇಡಿ. ಪರೀಕ್ಷಿಸಿ ಕೊಡುವ, ಬದಲಾಯಿಸಿ ಕೊಡುವುದಾಗಿ ಬಿಲ್ಲಿನಲ್ಲಿ ಬರೆದುಕೊಡುವ ಅಂಗಡಿಯಲ್ಲಾದರೆ ಬಳಸಿದ ತುಂಡನ್ನೂ ಕೊಳ್ಳಬಹುದು.

ಉಳಿದ ಹಳೆಯ ತುಂಡನ್ನು ಕಸದ ಬುಟ್ಟಿಗೆ ಎಸೆಯಬೇಡಿ. ಅದರಲ್ಲಿ ನಿಮ್ಮ ಮಾಹಿತಿ ಏನೂ ಉಳಿದಿರುವುದಿಲ್ಲ, ಆದುದರಿಂದ ನಿರ್ಭಯವಾಗಿ ಇನ್ನೊಬ್ಬರಿಗೆ ಕೊಡಬಹುದು. ಪಕ್ಕದ ಮನೆಯ ವಿದ್ಯಾರ್ಥಿಯ ಲ್ಯಾಪ್‌ಟಾಪಿಗೆ ಅದೇ ಬೇಕಾಗಿರಬಹುದು. ಕೆಟ್ಟಿದ್ದರೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ.

ಹೊಸ ಕಂಪ್ಯೂಟರ್ ಕೊಳ್ಳಲೇಬೇಕಾದ ದಿನ ಬಂದೇ ಬರುತ್ತದೆ. ಆದರೆ ಆ ದಿನ ಇವತ್ತೇ ಎಂದು ನಿರ್ಧರಿಸುವ ಮೊದಲು ಮೂರು ಕೀಗಳನ್ನು ಒತ್ತಿ, ಐದು ನಿಮಿಷ ಆ ಅಂಕಿಗಳನ್ನು ನೋಡಿ.